ತುಟಿ ಕಾಯುವ ಕೆಲಸ

ಮೂವತ್ತೊಂದು ವರ್ಷ ಬೇರೆ ಹೆಂಗಸರ ತುಟಿಗೆ
ನನ್ನ ದನಿ ಹೊಲಿದೆ, ತ್ಬಿಲಿಸಿಯ ಸ್ಟುಡಿಯೋದ ನೆಲಮಾಳಿಗೆಯಲ್ಲಿ.
ಗೋಡೆಗೆ ಕಂಬಳಿ ಬಡಿದ ಕೋಣೆ, ಒಂದು ದೀಪ, ಒಂದು ಮೈಕು,
ಎದುರಿನ ಪರದೆಯ ಮೇಲೆ ಪರದೇಶದ ಬಾಯಿ.
ನಟನೆಯ ಬಗ್ಗೆ ನನ್ನನ್ನು ಕೇಳಬಾರದಿತ್ತು, ದಾರೇಜಾನ್.
ಕೇಳಿಬಿಟ್ಟೆ, ಇನ್ನು ಕೂತುಕೋ. ಚಹಾ ಆರುತ್ತದೆ.

ಅಳುವುದು ಸುಲಭ. ಯಾರು ಬೇಕಾದರೂ ಅತ್ತಾರು,
ಗ್ಲಿಸರಿನ್ ಮುಗಿದರೆ ಈರುಳ್ಳಿ ಇದೆ.
ಕಷ್ಟವೆಂದರೆ ಬಾಗಿಲ ಕಡೆ ನಡೆದು ಹೋಗುವುದು,
ಹಿಂದೆ ಕ್ಯಾಮೆರಾ ಇದೆಯೆಂದು ಬೆನ್ನಿಗೆ ಗೊತ್ತಾಗದ ಹಾಗೆ.
ಒಬ್ಬಳಿದ್ದಳು, ಹೆಸರು ಮರೆತಿದೆ, ಚಿಕ್ಕ ಪಾತ್ರಗಳವಳು,
ಮಾತು ಶುರುವಾಗುವ ಮೊದಲು ಒಂದು ಉಸಿರು ನುಂಗುತ್ತಿದ್ದಳು.
ಆ ಉಸಿರಿಗೆ ದನಿ ಕೊಡಲು ನನಗೆ ಹನ್ನೊಂದು ಟೇಕು ಬೇಕಾಯಿತು.
ಯಂತ್ರದ ಮುಂದೆ ಕೂತ ಓತಾರ್ ಗಡಿಯಾರ ನೋಡಿ
‘ಲಮಾರಾ, ಅದು ಬರೀ ಗಾಳಿ’ ಅಂದ.
ಹೌದು, ಬರೀ ಗಾಳಿ.
ಉಳಿದದ್ದೆಲ್ಲ ಸಂಭಾಷಣೆ.

ಪುಸ್ತಕ? ಓದಿದ್ದೇನೆ, ಗೋಡೆ ತುಂಬ ಇದ್ದವಲ್ಲ,
ಅಪ್ಪ ಕಂತಿನಲ್ಲಿ ಕೊಂಡ ಕಂದು ರಟ್ಟಿನ ಮಹಾಕೃತಿಗಳು.
ಯುದ್ಧದ ಪುಟ ಬಂದರೆ ಹಾರಿಸುತ್ತಿದ್ದೆ, ನಾಚಿಕೆಯೇನಿಲ್ಲ.
ಆಮೇಲೆ ಒಂದು ಚಳಿಗಾಲ ಅದು ನಮ್ಮ ಬೀದಿಗೇ ಬಂತು,
ಆ ಪುಟ ಹಾರಿಸಲಾಗಲಿಲ್ಲ.
ಕರೆಂಟಿಲ್ಲ, ಗ್ಯಾಸಿಲ್ಲ,
ತಗಡಿನ ಒಲೆಯ ಹೊಗೆಕೊಳವೆ ಕಿಟಕಿಯಿಂದಾಚೆಗೆ ಕತ್ತು ಚಾಚಿತ್ತು.
ಮೊದಲು ಕುರ್ಚಿಗಳು ಉರಿದವು, ಆಮೇಲೆ ನೆಲದ ಹಲಗೆ,
ಆಮೇಲೆ ನಾನು ಕಪಾಟಿನ ಮುಂದೆ ನಿಂತೆ.

ನೀವೆಲ್ಲ ವಿಮರ್ಶೆ ಎನ್ನುತ್ತೀರಲ್ಲ,
ನಾನು ಬರೆದದ್ದು ಅದೊಂದೇ.
ಭಾಷಣಗಳ ಸಂಪುಟ ಮೊದಲು. ನುಣುಪು ಕಾಗದ, ಹೊಗೆಯೇ ಹೆಚ್ಚು.
ತಪ್ಪು ಮಾಡಿದ ಹೆಂಡತಿ ಕೊನೆಗೆ ಸಾಯಲೇಬೇಕಾದ ಕಾದಂಬರಿಗಳು, ಆರು:
ಒಂದು ಗಡಿಗೆ ಲೋಬಿಯೋ ಬೆಂದಿತು, ಕೆಂಪು ಕಾಳು ಅರಳಿ.
ಚಂದ್ರನ ಮೇಲಿನ ಕವಿತೆಗಳು ಬೇಗ ಹತ್ತಿ ಬೇಗ ಆರಿದವು.
ಒಂದನ್ನು ಮಾತ್ರ ಹಾಕಿ ಮತ್ತೆ ಎಳೆದುಕೊಂಡೆ, ಕೈ ಸುಟ್ಟಿತು.
ಅದರಲ್ಲೊಬ್ಬ ಸೂಲಗಿತ್ತಿ ದೋಣಿಗಾಗಿ ಮೂರು ಪುಟ ಕಾಯುತ್ತಾಳೆ.
ಅಷ್ಟೆ. ದೋಣಿ ಬರುತ್ತದೆ.
ಅಂಚೆಲ್ಲ ಕರಕಲು, ಈಗಲೂ ಓದಿದರೆ ಬೆರಳು ಕಪ್ಪಾಗುತ್ತದೆ.

ಕಛೇರಿಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು.
ಕೊನೆಯ ಸ್ವರ ಪ್ರಾಣ ಬಿಡುವ ಮೊದಲೇ ಚಪ್ಪಾಳೆ,
ಹೆಣ ಏಳುವ ಮುಂಚೆ ತಿಥಿಯೂಟಕ್ಕೆ ಕೂತವರ ಹಾಗೆ.
ನಮ್ಮವರಿಗೋ ಮೂರು ದನಿ ಸೇರದೆ ಹಾಡಿಲ್ಲ.
ಒಬ್ಬಳೇ ಇರುವವಳು ಏನು ಹಾಡಬೇಕು?
ನಾನು ಕೆಳಗಿನ ದನಿ ಹಿಡಿಯುತ್ತೇನೆ, ಪಾತ್ರೆ ತೊಳೆಯುತ್ತ,
ಮೇಲಿನ ಎರಡಕ್ಕೂ ಜಾಗ ಬಿಟ್ಟು.
ಒಂದನ್ನು ನಲ್ಲಿ ತುಂಬುತ್ತದೆ.
ಇನ್ನೊಂದನ್ನು, ಭಾನುವಾರವೂ ಬಿಡದೆ,
ಮೇಲ್ಮನೆಯ ಜುರಾಬನ ಡ್ರಿಲ್ಲಿಂಗ್ ಮೆಷಿನ್ನು.
ಶ್ರುತಿ ಸೇರುವುದಿಲ್ಲ, ಆದರೆ ಸಮಯಕ್ಕೆ ಸರಿಯಾಗಿ ಬರುತ್ತಾನೆ.

‘ಒಂಟಿತನ’ ಅನ್ನುವಾಗ ನೀನು ದನಿ ಇಳಿಸಿದೆ.
ಏರಿಸು. ಅದು ಕಾಯಿಲೆಯಲ್ಲ.
ಹಾಗಂತ ಹಬ್ಬವೂ ಅಲ್ಲ, ಸುಳ್ಳು ಹೇಳಲಾರೆ.
ಜನವರಿಯಲ್ಲಿ ಜ್ವರ ಬಂದು ಐದು ದಿನ ಯಾರೊಡನೆಯೂ ಮಾತಿಲ್ಲ.
ಆರನೆಯ ದಿನ ಇಳಿಜಾರು ಇಳಿದು ರೊಟ್ಟಿ ಅಂಗಡಿಗೆ ಹೋದೆ.
ಹಣೆ ತನಕ ಹಿಟ್ಟು ಮೆತ್ತಿಕೊಂಡ ಹುಡುಗಿ
ಒಲೆಯ ಬಾಯಿಂದ ತಲೆ ಎತ್ತಿದಳು.
ನಾನು ‘ಒಂದು’ ಅಂದೆ.
ತುಟಿ ಆಡಿತು. ಶಬ್ದವಿಲ್ಲ.
ಇಷ್ಟು ವರ್ಷ ದುಡಿದ ಗಂಟಲು, ಒಂದು ಸಂಖ್ಯೆಗೆ ಕೈಕೊಟ್ಟಿತು.
ಅವಳು ನನ್ನ ಬಾಯನ್ನೇ ನೋಡುತ್ತಿದ್ದವಳು
‘ಒಂದು’ ಅಂದಳು,
ನನ್ನ ತುಟಿ ಮುಚ್ಚುವುದಕ್ಕೂ ಅವಳ ಮಾತು ಮುಗಿಯುವುದಕ್ಕೂ
ಒಂದು ಫ್ರೇಮು ಹೆಚ್ಚಿಲ್ಲ, ಕಡಿಮೆಯಿಲ್ಲ.
ಓತಾರ್ ಇದ್ದಿದ್ದರೆ ಒಂದೇ ಟೇಕಿಗೆ ದೀಪ ಆರಿಸುತ್ತಿದ್ದ.

ನಿಮ್ಮ ಕುತಾಯಿಸಿ ಮನೆಯ ಹಿಂದಿನ ಕೋಣೆಯನ್ನು
ಯಾರಿಗಾದರೂ ಬಾಡಿಗೆಗೆ ಕೊಡು, ಮಗಳೇ.
ಕುಡಿ, ಆರಿಹೋಯಿತು.