ಹಾಲಿಲ್ಲದ ತಿಂಗಳು

ಬೆಳಗಿನ ಜಾವ ಮೂರೂಕಾಲಿಗೆ ಲಾಕ್ಲನ್‌ನ ಗೇಟು.
ನನ್ನ ಟ್ಯಾಂಕರಿನ ದೀಪಕ್ಕೆ ಮೊದಲು ಸಿಗುವುದು
ಟರ್ನಿಪ್ ಹೊಲದ ಮಂಜು, ಆಮೇಲೆ ನಾಯಿ.
ಆರು ವರ್ಷದಿಂದ ಇದೇ:
ಮುಚ್ಚಳ ಎತ್ತಿ ಮೂಸುವುದು, ತಾಪ ನೋಡುವುದು,
ಸಣ್ಣ ಸೀಸೆಗೆ ಮಾದರಿ ತುಂಬಿ ಚೀಟಿ ಅಂಟಿಸುವುದು,
ಕೊಳವೆ ಸಿಕ್ಕಿಸಿ ಹನ್ನೊಂದು ನಿಮಿಷ ಕಾಯುವುದು.
ಹನ್ನೊಂದು ನಿಮಿಷದಲ್ಲಿ ಏನು ತಿಳಿದೀತು ಅನ್ನಬೇಡಿ.

ರೋಗ ಬಂತೆಂದು ಸರ್ಕಾರ
ಅವನ ಮಂದೆಯನ್ನು ಲಾರಿಗೆ ಹತ್ತಿಸಿ ಎರಡು ವರ್ಷ.
ಪರಿಹಾರ ಬಂತು, ಕಾಸಿಗೆ ಕಾಸು.
ಹೊಸ ಹಸುಗಳೂ ಬಂದವು.
ಹಳೆಯವುಗಳ ಹೆಸರು ಹಿಡಿದೇ ಕರೆಯುತ್ತಾನೆ,
ಇವು ತಿರುಗಿ ನೋಡುವುದಿಲ್ಲ.

ಏಪ್ರಿಲ್‌ನಲ್ಲಿ ನಾಯಿಯ ತಟ್ಟೆ ಬೋರಲು ಬಿದ್ದಿತ್ತು,
ಮೂರು ಸಲ ಬಂದರೂ ಹಾಗೇ.

ವಿಂಟನ್‌ನ ರಗ್ಬಿ ಕ್ಲಬ್ಬಿನಲ್ಲಿ ಕಂಪನಿಯವರು
ನಮ್ಮನ್ನೊಂದು ದಿನ ಕೂರಿಸಿದ್ದರು:
ಟ್ಯಾಂಕರಿನವರು, ಗೊಬ್ಬರ ಮಾರುವವರು, ಬೇಲಿ ಹಾಕುವವರು.
"ಕೇಳಿದರೆ ಎಲ್ಲಿ ತಲೆಗೆ ಹೊಳೆದೀತೋ ಎಂದು ಹೆದರಬೇಡಿ,
ಹೊಳೆದಿದ್ದರೆ ಹೊಳೆದಾಗಿರುತ್ತದೆ. ಕೇಳಿ.
ಸುತ್ತಿ ಬಳಸಿ ಬೇಡ" ಅಂದಿದ್ದಳು ಪಾಠ ಹೇಳಿದ ಹೆಂಗಸು.
ನಾನು ಹಿಂದಿನ ಬೆಂಚಿನಲ್ಲಿ ಪೈ ತಿನ್ನುತ್ತಿದ್ದೆ.

ಪಂಪಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ.
ಮೋಟಾರು ಆರಿಸಿ ಮತ್ತೆ ಕೇಳಬೇಕಾಯಿತು,
ಆ ನಿಶ್ಶಬ್ದದಲ್ಲಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ:
"ಲಾಕ್ಲನ್, ಸಾಯುವ ಯೋಚನೆ ಇದೆಯಾ ನಿನಗೆ?"
ನಾಯಿ ಕಿವಿ ನಿಮಿರಿಸಿತು.
ಆಗಲೇ ಒರೆಸಿದ ಮುಚ್ಚಳವನ್ನು ಇನ್ನೊಮ್ಮೆ ಒರೆಸಿದ.
"ಕೆಲವು ದಿನ" ಅಂದ.
ಆಮೇಲೆ, "ಬಹಳ ದಿನ" ಅಂದ.

ಒಳಗೆ ಹೋಗಿ ಬಂದು ನನ್ನ ಕೈಗಿಟ್ಟ:
ಬಂದೂಕಿನ ಕಪಾಟಿನ ಬೀಗದ ಕೈ, ಅದಕ್ಕೊಂದು ಕೆಂಪು ದಾರ.
ಬಾತುಬೇಟೆಯ ಲೈಸೆನ್ಸು ನನಗೂ ಇದೆ, ಅದು ಅವನಿಗೆ ಗೊತ್ತು.
ನಲವತ್ತು ನಿಮಿಷ ತಡ ಯಾಕೆಂದು ಕಾರ್ಖಾನೆ ಕೇಳಿತು.
ಕೊಳವೆ ಕಟ್ಟಿತ್ತು, ಎಂದು ಬರೆದೆ.
ಆಮೇಲಿನ ಗುರುವಾರಗಳಲ್ಲಿ ಅವನು ಡಾಕ್ಟರ ಹತ್ತಿರ ಹೋದ.
ಅಲ್ಲಿ ಏನು ಮಾತೋ, ನನಗೆ ತಿಳಿಯದು.

ಜೂನ್‌ನಲ್ಲಿ ಹಸುಗಳ ಹಾಲು ಬತ್ತಿಸುತ್ತಾರೆ.
ಎರಡು ತಿಂಗಳು ಆ ದಾರಿಯಲ್ಲಿ ಟ್ಯಾಂಕರಿಗೆ ಕೆಲಸವಿಲ್ಲ.
ನನ್ನ ಹಳೇ ಕಾರಿನಲ್ಲಿ ಹೋದೆ.
ಯಾಕೆ ಬಂದೆ ಎಂದು ಅವನೇನೂ ಕೇಳಲಿಲ್ಲ.
"ಮೊಟ್ಟೆ ಬೇಕಿತ್ತು" ಅಂದೆ.
ಅವನ ಬಳಿ ಕೋಳಿಯೇ ಇಲ್ಲ.
ಚಹಾ ಕುಡಿದೆವು. ಮರುವಾರವೂ
ಮೊಟ್ಟೆ ಬೇಕಾಯಿತು.

ಜುಲೈ, ರಾತ್ರಿ ಹತ್ತು ದಾಟಿ ಫೋನು.
"ರೀಪೆಕಾ, ಬೀಗದ ಕೈ ಬೇಕು.
ಮಂಜುಗಡ್ಡೆಯ ಮೇಲೆ ಜಾರಿ ಹಸುವೊಂದರ ಸೊಂಟ ಮುರಿದಿದೆ."
"ಬಂದೆ. ಅಲ್ಲಿವರೆಗೆ ಅವಳ ಪಕ್ಕ ಕೂತಿರು" ಅಂದೆ.
ಇಪ್ಪತ್ತೆರಡು ನಿಮಿಷದ ದಾರಿ.
ಹಸು ನಿಜವಾಗಿಯೂ ಬಿದ್ದಿರಲಿ,
ನಿಜವಾಗಿಯೂ ಅದರ ಮೂಳೆ ಮುರಿದಿರಲಿ
ಎಂದು ಉದ್ದಕ್ಕೂ ಬೇಡಿಕೊಂಡೆ.
ಎಂಥ ಬೇಡಿಕೆ!

ಬಿದ್ದಿತ್ತು.
ತನ್ನ ಕೋಟು ಅದಕ್ಕೆ ಹೊದಿಸಿ
ಗೋಣಿಚೀಲದ ಮೇಲೆ ಕೂತಿದ್ದ, ಹಲ್ಲು ಕಟಕಟ.
ಹೆಸರು ಹಿಡಿದು ಮಾತಾಡಿಸುತ್ತಿದ್ದ,
ಹಳೆಯ ಯಾವ ಹಸುವಿನದೂ ಅಲ್ಲ ಆ ಹೆಸರು.
ಹಸು ಕಿವಿ ಇತ್ತ ತಿರುಗಿಸಿತ್ತು.

ನಾನು ಲಾಟೀನು ಹಿಡಿದೆ. ಒಂದೇ ಸದ್ದು.
ಬಂದೂಕು ಒಳಗಿಟ್ಟ, ಬೀಗ ಹಾಕಿದ,
ನಾನು ಕೇಳುವ ಮೊದಲೇ ಕೆಂಪು ದಾರ ನನ್ನ ಅಂಗೈಯಲ್ಲಿ.
ಆಮೇಲೆ ಇಬ್ಬರೂ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು
ಅತ್ತೆವು, ಒಂದು ಹಸುವಿಗೆಂದು ಆರಂಭಿಸಿ.

ಆಗಸ್ಟ್. ಮತ್ತೆ ಮೂರೂಕಾಲು.
ತಾಪ ಸರಿ, ವಾಸನೆ ಸರಿ, ಚೀಟಿ ಅಂಟಿಸಿದೆ.
ಬೀಗದ ಕೈ ಇನ್ನೂ ನನ್ನಲ್ಲೇ,
ಅವನು ಕೇಳಿಲ್ಲ, ನಾನು ಕೊಟ್ಟಿಲ್ಲ.
ಪಂಪು ಓಡುವಾಗ ತೋಳು ಹಿಡಿದು ಹಿಂದಕ್ಕೆ ಕರೆದೊಯ್ದ:
ಹೊಸ ತಂತಿಬಲೆ, ಸೊಟ್ಟ ಬಾಗಿಲು,
ಕತ್ತಲಲ್ಲಿ ಕಣ್ಣು ಪಿಳಿಪಿಳಿಸುವ ಮೂರು ಕೋಳಿ.

"ಇಡುತ್ತವೋ ಇಲ್ಲವೋ
ಗೊತ್ತಿಲ್ಲ" ಅಂದ.