ಬೆಂಕಿಯ ಸರದಿ

ಗಾನ್ ಗಾನ್ ಊರಿಗೆ ಗ್ಯಾಸ್ ಸಿಲಿಂಡರು ಹಂಚುವ
ಎರ್ಮಿಂದಾಳ ಹಸಿರು ಫೋರ್ಡು ಮೂರು ವಾರದಿಂದ
ತಿರುವಿಗೊಂದು ಗುಂಡು ಹಾರಿಸುತ್ತಿತ್ತು.
ಢಂ ಅಂದರೆ ಕುರಿಗಳು ಬೇಲಿಗೆ ಬಿದ್ದವು,
ಪೊಲೀಸಪ್ಪ ಎರಡು ಸಲ ಟೋಪಿ ಮರೆತು ಓಡಿಬಂದ.
ಟ್ರೆಲೆವಿನವರು ಕಾರ್ಬುರೇಟರು ಬದಲಿಸಿದರು,
ಪ್ಲಗ್ಗು ಬದಲಿಸಿದರು,
ಕೊನೆಗೆ ಎಂಜಿನ್ನೇ ಇಳಿಸಬೇಕೆಂದು
ಚೀಟಿ ಬರೆದುಕೊಟ್ಟರು.
ಆ ಚೀಟಿ ಮಡಚಿಕೊಂಡು ಅವಳು ಬಂದದ್ದು
ನನ್ನ ಗುರು ಬಾಸಿಲಿಯೋನ ತಗಡಿನ ಶೆಡ್ಡಿಗೆ.
ಗೇಟಿನಲ್ಲೇ ಇನ್ನೊಂದು ಢಂ.
ನಮ್ಮ ನಾಯಿ ಟೈರುಗಳ ಹಿಂದೆ ತೂರಿಕೊಂಡಿತು.
ಅವನು ಮಾತ್ರ ತಿರುಗಲಿಲ್ಲ.

ನಲವತ್ತು ವರ್ಷ ಎಂಜಿನ್ನುಗಳಿಗೆ ಕಿವಿ ಕೊಟ್ಟವನು;
ಕೊಟ್ಟದ್ದನ್ನು ಅವು ವಾಪಸು ಮಾಡಲಿಲ್ಲ.

ನನ್ನ ತುಟಿ ನೋಡುತ್ತ ಕೇಳಿದ:
"ಕೆಮ್ಮೋ, ಹೂಸೋ?"
ಗಂಟಲು ಮುಟ್ಟಿ ತೋರಿಸಿದೆ, ಆಮೇಲೆ ಹಿಂಭಾಗವನ್ನೂ.
ಎರ್ಮಿಂದಾ ನಕ್ಕಳು. ಅವನು ನಗಲಿಲ್ಲ.
"ಎರಡೂ ಕಡೆ ಅಂದರೆ ಇದು ಹೊಟ್ಟೆಯ ರೋಗವಲ್ಲ."

ಆದರೂ ಅವಳ ಜೇಬಿನದೇ ನೂರರ ನೋಟು ಇಸಕೊಂಡು
ಹೊಗೆ ಕೊಳವೆಯ ಬಾಯಿಗೆ ಹಿಡಿದ.
ಪಟಪಟ ಹೊರಕ್ಕೇ ಬಡಿಯಿತು,
ಒಮ್ಮೆಯೂ ಒಳಕ್ಕೆ ಎಳೆಯಲಿಲ್ಲ. ವಾಲ್ವುಗಳು ಗಟ್ಟಿ.
ಮಸಿ ಹಿಡಿದ ನೋಟನ್ನು ಒರೆಸಿ ಕೊಟ್ಟ.

ಆಮೇಲೆ ನಾನು ಒಂದೊಂದೇ ವಯರು ಕೀಳುತ್ತ ಹೋದೆ,
ಅವನು ಫೆಂಡರಿನ ಮೇಲೆ ಅಂಗೈಯಿಟ್ಟು
ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿದ್ದ.
ಒಂದನೆಯದು ಕಿತ್ತರೆ ಎಂಜಿನ್ನು ಕುಂಟಿತು. ಎರಡಕ್ಕೂ ಕುಂಟಿತು.
ಮೂರಕ್ಕೆ ಏನೂ ಆಗಲಿಲ್ಲ.
ಐದಕ್ಕೂ ಏನೂ ಇಲ್ಲ.
"ಇವರು ಅಕ್ಕಪಕ್ಕದ ಮನೆಯವರಲ್ಲ" ಅಂದ,
"ಸರದಿಯಲ್ಲಿ ಮಾತ್ರ ಒಬ್ಬರ ಹಿಂದೊಬ್ಬರು:
ಒಂದು, ಐದು, ಮೂರು, ಆರು, ಎರಡು, ನಾಲ್ಕು.
ಕತ್ತಲಾಗಲಿ."

ಅಲ್ಲಿ ಕತ್ತಲೆಂದರೆ ಗಾಳಿ.
ಪರ್ವತದಿಂದ ಕಡಲಿನವರೆಗೆ ಅದನ್ನು ತಡೆಯಲು
ಒಂದು ಮರವಿಲ್ಲ; ನಮ್ಮ ಶೆಡ್ಡೊಂದೇ ಅಡ್ಡ.
ದೀಪ ಆರಿಸಿದೆ. ಇಸ್ತ್ರಿ ಬಟ್ಟೆಗೆ ಚಿಮುಕಿಸುವ ಪಿಚಕಾರಿಯಿಂದ
ಅವನು ಬಾನೆಟ್ಟಿನಡಿಗೆ ಎರಡು ಸಲ ನೀರೆರಚಿದ.
ಮೊದಲು ಏನೂ ಇಲ್ಲ. ಬೆಚ್ಚಗಿನ ಎಣ್ಣೆವಾಸನೆ, ಅಷ್ಟೆ.

ಆಮೇಲೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ
ನೀಲಿ ಹುಳವೊಂದು
ಐದರ ಮನೆಯಿಂದ ಮೂರರ ಮನೆಗೆ
ಓಡಿ, ನಂದಿ, ಮತ್ತೆ ಓಡಿ,
ಸರದಿ ಬರುವ ಮೊದಲೇ ಬಾಗಿಲು ತಟ್ಟುತ್ತಿತ್ತು.
ಯಾರೂ ಮಾತಾಡಲಿಲ್ಲ. ಚಂದವಿತ್ತು, ಅದಕ್ಕೇ.

ಹಗಲಲ್ಲಿ ಆ ಮುಚ್ಚಳ ಒರೆಸಿಟ್ಟವನು ನಾನೇ.
ದೀಪ ಹಚ್ಚಿ ನೋಡಿದರೆ ಕೂದಲೆಳೆಯಷ್ಟು ಬಿರುಕು,
ಅದರೊಳಗೆ ಪೆನ್ಸಿಲಿನಿಂದ ಗೀಚಿದಂತೆ ಮಸಿ.

ಹೊಸದು ಗುರುವಾರದ ಬಸ್ಸಿಗೆ, ಗಾಳಿ ಬಿಟ್ಟರೆ.
ಅಲ್ಲಿಯತನಕ?
ಅವನು ಎರ್ಮಿಂದಾಳ ಬೆರಳುಗಳನ್ನು ನೋಡಿದ.
ಅವಳು ಚೀಲ ತಡಕಿ
ಕಿತ್ತಳೆ ಬಣ್ಣದ ಉಗುರುಬಣ್ಣ ತೆಗೆದಳು.
ಚಾಕುಮೊನೆಯಿಂದ ಅವನು ಮಸಿ ಕೆರೆದ, ಅವಳು ಹಚ್ಚಿದಳು,
ಊದಿ ಆರಿಸಿ ಇನ್ನೊಂದು ಕೋಟು,
ಬೆರಳಿಗಂಟಿದ್ದನ್ನು ಟ್ರೆಲೆವಿನ ಚೀಟಿಗೆ ಒರೆಸಿದಳು.

ಗಾಡಿ ಹೊರಟಾಗ ಅವನು ಗಾಡಿ ನೋಡಲಿಲ್ಲ.
ಬೆಂಚಿನಡಿ ಮಲಗಿದ್ದ ನಾಯಿಯನ್ನೇ ನೋಡುತ್ತ ನಿಂತ.
ಗೇಟು ದಾಟಿತು. ಶಾಲೆಯ ತಿರುವು.
ಆಮೇಲೆ ಹೊಳೆಯ ಹತ್ತಿರದ ಏರು, ಎಲ್ಲಕ್ಕಿಂತ ಕೆಟ್ಟದ್ದು.
ನಾಯಿ ಹಿಂಗಾಲಿನಿಂದ ಕಿವಿ ಕೆರೆದುಕೊಂಡು
ಮೂತಿಯನ್ನು ಬಾಲದಡಿ ಸೇರಿಸಿಕೊಂಡಿತು.

"ಸರಿ" ಅಂದ, "ನೀರು ಕಾಯಲಿಡು."