ಮಂಗಳವಾರದ ಕೂದಲು

ಮೊದಲೇ ಹೇಳಿಬಿಡುತ್ತೇನೆ, ನನಗದು ಬೇಡವಾಗಿತ್ತು.
ಶಾಲೆಯೊಳಗೆ ನಾಯಿ!
ಕಸಬರಿಗೆ ಹಿಡಿಯುವವನನ್ನು ಯಾರೂ ಒಂದು ಮಾತು ಕೇಳಲಿಲ್ಲ.
ಮಂಗಳವಾರ ಹತ್ತೂವರೆಗೆ ಮೆರೆರಿಡ್ ಬರುತ್ತಾಳೆ,
ಮೂವತ್ತು ವರ್ಷ ಈ ಕಣಿವೆಯ ಬಸ್ಸು ಓಡಿಸಿದವಳು,
ಈಗ ಹಗ್ಗದ ತುದಿಗೊಂದು ಬೂದು ನಾಯಿ,
ಮೈಮೇಲೆ ಅದೇ ಡ್ರೈವರ್ ಕೋಟು.
ಅವರು ಹೋದ ಮೇಲೆ ಕಾರ್ಪೆಟ್ಟಿನ ನೂಲುನೂಲಿಗೆ ಚುಚ್ಚಿಕೊಂಡ
ಸೂಜಿಯಂಥ ಕೂದಲು ನನ್ನ ಪಾಲು.

ವೇಲ್ಸಿನ ಈ ಊರ ಸುತ್ತ ಇರುವುದೆಲ್ಲ ಒಡೆದ ಕಲ್ಲು.
ಲೋಕದ ಮಕ್ಕಳಿಗೆಲ್ಲ ಸ್ಲೇಟು ಕೊಟ್ಟವರು ನಾವೇ ಎಂದು
ನನ್ನಜ್ಜ ಜಂಬ ಕೊಚ್ಚುತ್ತಿದ್ದ.
ನಮ್ಮ ಮಕ್ಕಳಲ್ಲೇ ಒಬ್ಬ, ಇಥೆಲ್, ಏಳು ವರ್ಷ,
ಬಾಯಿಗೆ ಬೀಗ.

ಬೀಗವಲ್ಲ, ತಪ್ಪು ಹೇಳಿದೆ.
ಬಾಗಿಲು ತೆರೆದೇ ಇದೆ. ಹೊಸ್ತಿಲಲ್ಲಿ ಮಾತು
ಒಂದೇ ಕಾಲನ್ನು ಎತ್ತುತ್ತದೆ, ಇಡುತ್ತದೆ, ಎತ್ತುತ್ತದೆ.
ಇಪ್ಪತ್ತಮೂರು ಮಕ್ಕಳು ಕಾಯುತ್ತಾರೆ,
ಟೀಚರು ಕಾಯುತ್ತಾರೆ, ಮುಖದಲ್ಲಿ ಕರುಣೆ ಇಟ್ಟುಕೊಂಡು.
ಆ ಕರುಣೆಯೇ ಹೆಚ್ಚು ಭಾರ;
ಕಿಟಕಿ ಒರೆಸುವವನಿಗೆ ಎಲ್ಲ ಕಾಣುತ್ತದೆ.

ನಾಯಿ ಕಾಯುವುದಿಲ್ಲ.
ಅದೇ ಅದರ ದೊಡ್ಡ ಗುಣ.
(ಅದು ಎಂದೆ. ‘ಅವಳು’ ಎನ್ನಬೇಕಂತೆ, ಇಥೆಲ್ ತಿದ್ದಿದ,
ಅಷ್ಟಕ್ಕೇ ಅರ್ಧ ನಿಮಿಷ ಹಿಡಿಯಿತು.)
ಹೆಸರು ನಿಯುಲ್, ನಮ್ಮ ಮಾತಲ್ಲಿ ಮಂಜು.
ಓಟದ ಪಂದ್ಯಗಳಲ್ಲಿ ಸೋತು ಸೋತು ಬಂದವಳು,
ಕಿವಿಯೊಳಗೆ ಇನ್ನೂ ಹಸಿರು ಶಾಯಿಯ ಹಚ್ಚೆ.
ಇಸ್ತ್ರಿ ಹಲಗೆ ಜಾರಿ ಬಿದ್ದ ಹಾಗೆ
ಕಂಬಳಿಯ ಮೇಲೆ ನಾಲ್ಕೂ ಕಾಲು ಬಿಸಾಕಿ ಮಲಗುತ್ತಾಳೆ.

ಪಕ್ಕ ಕೂತು ಅವನು ಪುಸ್ತಕ ತೆರೆದ. ನರಿಯ ಕಥೆ.
ನಮ್ಮ ಭಾಷೆಯಲ್ಲಿ ನರಿ ಎನ್ನಬೇಕಾದರೆ
ನಾಲಿಗೆಯನ್ನು ಹಲ್ಲಿನ ಹಿಂದೊತ್ತಿ
ಕೆನ್ನೆಯ ಪಕ್ಕದಿಂದ ಗಾಳಿ ಬಿಡಬೇಕು.
ಅವನಿಗೆ ಗಾಳಿಯಷ್ಟೇ ಬಂತು.
ಮತ್ತೆ ಗಾಳಿ. ಮತ್ತೆ.
ಬಿಸಿ ಸೂಪು ಆರಿಸುವವನ ಹಾಗೆ.

ನಿಯುಲ್ ಆಕಳಿಸಿದಳು.
ಇಷ್ಟುದ್ದದ ನಾಲಿಗೆ ಬಿಚ್ಚಿ, ಸುರುಳಿ ಸುತ್ತಿ,
ಚಪ್ಪೆಂದು ಬಾಯಿ ಮುಚ್ಚಿದಳು.
ನರಿ ಬಂದರೇನು, ಬಿಟ್ಟರೇನು ಅವಳಿಗೆ?
ಅವನು ನಕ್ಕ.
ನರಿಯನ್ನು ಪೊದೆಯಲ್ಲೇ ಅರ್ಧ ಬಿಟ್ಟು
ಪುಟ ತಿರುಗಿಸಿದ.

ಹೀಗೇ ಅಕ್ಟೋಬರ್ ಕಳೆಯಿತು, ನವೆಂಬರೂ.
ಪವಾಡವೇನೂ ನಡೆಯಲಿಲ್ಲ. ನಡೆಯಿತೆಂದು ಯಾರಾದರೂ ಹೇಳಿದರೆ
ನಂಬಬೇಡಿ, ನಾನಲ್ಲೇ ಇದ್ದೆ, ಬಕೆಟ್ ಸಮೇತ.

ಡಿಸೆಂಬರಿನಲ್ಲಿ ಒಂದು ದಿನ
ಅಡುಗೆಮನೆಯಲ್ಲಿ ಬ್ರೆಡ್ಡು ಸೀದು ಬೆಂಕಿಯ ಗಂಟೆ ಬಡಿದುಕೊಂಡಿತು.
ಇಡೀ ಶಾಲೆ ಅಂಗಳಕ್ಕೆ, ಜಿನುಗುವ ಮಳೆಗೆ.
ಸೈಕಲ್ ಶೆಡ್ಡಿನ ಮೂಲೆಗೆ ಒತ್ತಿಕೊಂಡು ನಿಯುಲ್
ನಡುಗುತ್ತಿದ್ದಳು, ಪಕ್ಕೆಲುಬು ಎಣಿಸಬಹುದಾದಷ್ಟು.
ಯಾವ ಹಳೆಯ ಮೈದಾನದ ಗಂಟೆ ಕೇಳಿತೋ ಅವಳಿಗೆ.
ಮೆರೆರಿಡಳ ಮಂಡಿ ಮಡಚುವುದಿಲ್ಲ.
ಸಾಲು ಬಿಟ್ಟು ಹೋದವನು ಇಥೆಲ್.
ಕೆಸರಲ್ಲೇ ಕುಕ್ಕರುಗಾಲಲ್ಲಿ ಕೂತು,
ಹಚ್ಚೆಯಿದ್ದ ಕಿವಿಯನ್ನು ಅಂಗೈಯಲ್ಲಿ ಮುಚ್ಚಿ,
ಪುಸ್ತಕವಿಲ್ಲದೆ ಶುರುಮಾಡಿದ: ನರಿಯ ಕಥೆ.

ತೊದಲಿದ. ಎಂದಿನಷ್ಟೇ ತೊದಲಿದ.
ಗಾಳಿ, ಮತ್ತೆ ಗಾಳಿ, ಆಮೇಲೆ ನರಿ,
ಆಮೇಲೆ ಕೋಳಿಗೂಡು, ಬೇಲಿ, ಹಿಮ.
ನಡುವೆಲ್ಲೋ ಗಂಟೆ ನಿಂತಿತು.
ಅವನು ನಿಲ್ಲಲಿಲ್ಲ.
ಅವನ ದನಿಯೊಂದೇ ಇತ್ತು ಅಷ್ಟು ದೊಡ್ಡ ಅಂಗಳಕ್ಕೆ,
ಮತ್ತು ಯಾರೂ ಅವನಿಗಾಗಿ ಕಾಯುತ್ತಿರಲಿಲ್ಲ.
ಎಲ್ಲರೂ ನೋಡುತ್ತಿದ್ದದ್ದು ನಾಯಿಯನ್ನು,
ಅವಳ ನಡುಕ ಹಿಂಗಾಲಿಗಿಳಿದು, ಉಗುರಿಗಿಳಿದು,
ಬಾಲದ ತುದಿಯಲ್ಲಿ ಕೊನೆಗೆ ಮುಗಿಯುವುದನ್ನು.

ಸಂಜೆ ಗುಡಿಸಿದೆ. ಕೂದಲು ಎಂದಿನಷ್ಟೇ,
ಜೊತೆಗೆ ಕೆಸರು. ಬೈದುಕೊಂಡೆ.
ದೀಪ ಆರಿಸುವ ಮುಂಚೆ, ಯಾರೂ ಇಲ್ಲದಾಗ,
ನಾನೂ ಒಂದು ಸಲ ನರಿ ಎಂದು ಹೇಳಿ ನೋಡಿದೆ.
ಹೋದ ವಾರವಷ್ಟೇ ಕಟ್ಟಿಸಿಕೊಂಡ ಹಲ್ಲು;
ಗಾಳಿ ಮಾತ್ರ ಬಂತು.
ಮತ್ತೆ ಗಾಳಿ.